ಹೃದಯಕ್ಕೆ ವಿದ್ಯುತ್ತು ಎಲ್ಲಿಂದ ಬರುತ್ತದೆ?

ಕೂಕಟ್‌ಪಲ್ಲಿಯಲ್ಲಿ ಕರೆಂಟು ಹೋದರೆ ಮನೆಯ ಫ್ಯಾನು ನಿಲ್ಲುತ್ತದೆ, ಕಾರ್ಖಾನೆಯ ಯಂತ್ರ ನಿಲ್ಲುತ್ತದೆ. ನಮ್ಮ ಹೃದಯವೂ ವಿದ್ಯುತ್ತಿನಿಂದಲೇ ನಡೆಯುವಂಥದು. ಆದರೆ ಅದಕ್ಕೆ ಹೊರಗಿನ ತಂತಿ ಬೇಕಿಲ್ಲ. ಬೇಕಾದ ವಿದ್ಯುತ್ತನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ.

ಹೃದಯದಲ್ಲಿ ನಾಲ್ಕು ಕೋಣೆಗಳು. ಮೇಲಿನ ಎರಡು ಹೃತ್ಕರ್ಣಗಳು, ಕೆಳಗಿನ ಎರಡು ಹೃತ್ಕುಕ್ಷಿಗಳು. ಬಲ ಹೃತ್ಕರ್ಣದ ಗೋಡೆಯ ಮೇಲ್ಭಾಗದಲ್ಲಿ ಜೀವಕೋಶಗಳ ಒಂದು ಚಿಕ್ಕ ಗಂಟು ಇದೆ. 1907ರಲ್ಲಿ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ ಇದನ್ನು ವರ್ಣಿಸಿದರು. ಸೋಡಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂಗಳ ವಿದ್ಯುತ್ ಕಣಗಳು ಜೀವಕೋಶದ ಪೊರೆಯನ್ನು ದಾಟಿ ಒಳಗೂ ಹೊರಗೂ ಸರಿಯುವುದರಿಂದ ಇಲ್ಲಿ ಪ್ರಚೋದನೆ ಹುಟ್ಟುತ್ತದೆ. ಸುಮ್ಮನೆ ಕುಳಿತಿರುವಾಗ ನಿಮಿಷಕ್ಕೆ 60ರಿಂದ 100 ಸಲ. ಗಿರಣಿಯ ಸೈರನ್ ಕೇಳಿ ಕೆಲಸಗಾರರೆಲ್ಲ ಒಟ್ಟಿಗೆ ಕೆಲಸಕ್ಕೆ ತೊಡಗುವಂತೆ, ಈ ಪ್ರಚೋದನೆ ಹಬ್ಬಿದೊಡನೆ ಹೃತ್ಕರ್ಣಗಳು ಕುಗ್ಗಿ ರಕ್ತವನ್ನು ಕೆಳಗೆ ತಳ್ಳುತ್ತವೆ. ನಡುವಿನ ಇನ್ನೊಂದು ಗಂಟಿನಲ್ಲಿ ಅದು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ತಡೆಯುತ್ತದೆ. ಅಷ್ಟರಲ್ಲಿ ಹೃತ್ಕುಕ್ಷಿಗಳು ತುಂಬಿ, ಆಮೇಲೆ ಕುಗ್ಗುತ್ತವೆ. ಇ.ಸಿ.ಜಿ. ಕಾಗದದ ಮೇಲಿನ ಗೆರೆ ಈ ಪಯಣದ ದಾಖಲೆಯೇ. ಅದನ್ನು ಬರೆಯುವ ವಿಧಾನಕ್ಕಾಗಿ ಐಂಥೋವನ್ ಅವರಿಗೆ 1924ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ತೀರಿಕೊಂಡಾಗ 'ಹೃದಯಾಘಾತ', 'ಹೃದಯ ಸ್ತಂಭನ' ಎಂಬ ಮಾತುಗಳು ಮನೆಮನೆಯಲ್ಲೂ ಕೇಳಿಬಂದವು. ಇವೆರಡೂ ಒಂದಲ್ಲ. ಹೃದಯಕ್ಕೆ ರಕ್ತ ಒದಗಿಸುವ ನಾಳ ಕಟ್ಟಿಕೊಂಡರೆ ಹೃದಯಾಘಾತ. ಹೃದಯ ರಕ್ತವನ್ನು ದೂಡುವುದನ್ನೇ ನಿಲ್ಲಿಸಿದರೆ ಹೃದಯ ಸ್ತಂಭನ. ಅನೇಕ ವೇಳೆ ವಿದ್ಯುತ್ತಿನ ಲಯ ಕೆಟ್ಟು ಹೃತ್ಕುಕ್ಷಿಗಳು ಬರಿದೆ ನಡುಗುವುದೇ ಇದಕ್ಕೆ ಕಾರಣ. ಮೊದಲನೆಯದರಿಂದ ಎರಡನೆಯದು ಉಂಟಾಗಬಹುದು.

ವಾಚಕರು ನೆನಪಿಡಬೇಕಾದುದು ಇಷ್ಟು. ಎದೆನೋವು, ಬೆವರು, ಉಸಿರಾಟದ ತೊಂದರೆ ಕಂಡರೆ ಗ್ಯಾಸೆಂದು ತಳ್ಳಿಹಾಕದೆ ತಡಮಾಡದೆ ಇ.ಸಿ.ಜಿ. ತೆಗೆಸಬೇಕು. ಯಾರಾದರೂ ಕುಸಿದುಬಿದ್ದು, ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದಿದ್ದರೆ ಒಬ್ಬರು 108ಕ್ಕೆ ಫೋನ್ ಮಾಡಬೇಕು. ಇನ್ನೊಬ್ಬರು ಎದೆಯ ನಡುವೆ ಎರಡೂ ಅಂಗೈಗಳನ್ನು ಒಂದರ ಮೇಲೊಂದಿಟ್ಟು, 5 ಸೆಂಟಿಮೀಟರಿಗೆ ಕಡಮೆಯಾಗದಂತೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಿರಬೇಕು. ಒತ್ತುವ ಕೈ ಮಿದುಳಿಗೆ ರಕ್ತ ಕಳುಹಿಸುತ್ತದೆ. ಆಸ್ಪತ್ರೆಯ ಯಂತ್ರ ಕೊಡುವ ವಿದ್ಯುತ್ ಆಘಾತ ಆ ನಡುಕವನ್ನು ನಿಲ್ಲಿಸಿ, ಹೃದಯದ ಗಂಟು ಮತ್ತೆ ತನ್ನ ಲಯ ಹಿಡಿಯಲು ಎಡೆಮಾಡಿಕೊಡುತ್ತದೆ. ಆ ಯಂತ್ರ ಬರುವ ತನಕ ರೋಗಿಗೆ ಆಸರೆ ಪಕ್ಕದಲ್ಲಿರುವವರ ಎರಡು ಕೈಗಳೇ.