ಹೊಟ್ಟೆಯ ಮೇಲಿನ ಮಲದ್ವಾರ: ದಂಪತಿಗಳು ಅರಿತಿರಬೇಕಾದ ವಿಷಯಗಳು

ಕರುಳಿನ ಕಾಯಿಲೆಯ ನಿಮಿತ್ತ ಶಸ್ತ್ರಚಿಕಿತ್ಸೆ ನಡೆದು, ಮಲವು ಹೊರಹೋಗಲು ಹೊಟ್ಟೆಯ ಮೇಲೆ ದ್ವಾರವನ್ನು ಮಾಡಿದ್ದಲ್ಲಿ ಎದೆಗುಂದಬೇಕಾಗಿಲ್ಲ. ಇದನ್ನು ಸ್ಟೋಮಾ ಎನ್ನುವರು. ಶಸ್ತ್ರವೈದ್ಯರು ದೂರದ ನಗರದಲ್ಲಿರುವಾಗ, ಮನೆಯಲ್ಲಿ ಮಾಡಬಹುದಾದುದೇನು, ಆಸ್ಪತ್ರೆಗೆ ಧಾವಿಸಬೇಕಾದುದು ಯಾವಾಗ ಎಂಬುದನ್ನು ಪತಿಪತ್ನಿಯರಿಬ್ಬರೂ ಅರಿತಿರತಕ್ಕದ್ದು.

ಆರೋಗ್ಯವಾದ ಸ್ಟೋಮಾ ಬಾಯಿಯ ಒಳಭಾಗದಂತೆ ಕೆಂಪಗೂ ತೇವವಾಗಿಯೂ ಇರುವುದು. ಒರೆಸುವಾಗ ಒಂದೆರಡು ಹನಿ ರಕ್ತ ಜಿನುಗಿದರೆ ಭಯಪಡಬೇಡಿರಿ. ಸುತ್ತಲಿನ ಚರ್ಮ ಉರಿಯುತ್ತಿದ್ದರೆ, ಬಹುಮಟ್ಟಿಗೆ ಅದಕ್ಕೆ ಮಲ ತಾಗುತ್ತಿರುವುದೇ ಕಾರಣ. ಉಗುರುಬೆಚ್ಚನೆಯ ನೀರಿನಿಂದ ತೊಳೆದು, ಒಣಗಿಸಿ, ಚೀಲದ ರಂಧ್ರವನ್ನು ಸ್ಟೋಮಾಗಿಂತ 2–3 ಮಿ.ಮೀ. ಮಾತ್ರ ದೊಡ್ಡದಾಗಿ ಕತ್ತರಿಸಿ ಅಂಟಿಸಿರಿ. ಎಣ್ಣೆ ಸವರಕೂಡದು, ಚೀಲ ಅಂಟದು. ಮೂರನೆಯ ಒಂದು ಭಾಗ ತುಂಬಿದೊಡನೆ ಚೀಲವನ್ನು ಬರಿದುಮಾಡಿರಿ.

ಮಲ ನೀರಿನಂತೆ ಹರಿಯತೊಡಗಿದರೆ ಓ.ಆರ್.ಎಸ್. ದ್ರಾವಣವನ್ನು ಆಗಾಗ್ಗೆ ಕುಡಿಸಿರಿ. ಮೂತ್ರ ಕಡಿಮೆಯಾದರೆ, ಸ್ಟೋಮಾ ಕಪ್ಪಾದರೆ, ರಕ್ತ ನಿಲ್ಲದಿದ್ದರೆ, ಇಲ್ಲವೆ ಮಲ ಹೊರಬರುವುದು ನಿಂತು ಹೊಟ್ಟೆನೋವು, ವಾಂತಿ ಕಂಡುಬಂದರೆ, ಭೇದಿಮದ್ದು ಕೊಟ್ಟು ಕಾಲಹರಣ ಮಾಡದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸೇರಿಸಿರಿ.

ಗಾಯ ಮಾಗಿ ವೈದ್ಯರು ಸಮ್ಮತಿಸಿದ ಬಳಿಕ ದಾಂಪತ್ಯ ಜೀವನಕ್ಕೆ ಸ್ಟೋಮಾ ಅಡ್ಡಿಯಲ್ಲ. ಸಣ್ಣಕರುಳಿನ ಸ್ಟೋಮಾ ಇರುವ ಸ್ತ್ರೀಯರಲ್ಲಿ ಗರ್ಭನಿರೋಧಕ ಗುಳಿಗೆ ಪೂರ್ಣವಾಗಿ ಮೈಗೂಡದಿರಬಹುದು. ಆದುದರಿಂದ ಅದನ್ನು ನೆಚ್ಚುವ ಮುನ್ನ ವೈದ್ಯರೊಡನೆ ಸಮಾಲೋಚಿಸಿರಿ.