ಹಳೆ ಮಿನಿ ಟ್ರ್ಯಾಕ್ಟರ್ ಕೊಳ್ಳುವಿರಾ? ಮೊದಲು ಇಲ್ಲದ್ದನ್ನು ಎಣಿಸಿ

ಸೊಲ್ಲಾಪುರ ಜಿಲ್ಲೆಯ ಮಂದ್ರೂಪದ ಸುತ್ತ ದ್ರಾಕ್ಷಿ, ದಾಳಿಂಬೆ ತೋಟ ಇರುವವರಿಗೆ ದೊಡ್ಡ ಟ್ರ್ಯಾಕ್ಟರಿನ ಕಷ್ಟ ಗೊತ್ತು. ದ್ರಾಕ್ಷಿ ಸಾಲುಗಳ ನಡುವೆ ಎಂಟೊಂಬತ್ತು ಅಡಿ ಅಂತರ ಇದ್ದರೂ ಮೇಲೆ ತಂತಿ, ಪಕ್ಕದಲ್ಲಿ ಬಳ್ಳಿ. ಅಲ್ಲಿ ಸಲೀಸಾಗಿ ಓಡಾಡುವುದು ಮೂರು ನಾಲ್ಕು ಅಡಿ ಅಗಲದ ಮಿನಿ ಟ್ರ್ಯಾಕ್ಟರ್. ಹೊಸದಕ್ಕೆ ಮೂರು ಲಕ್ಷ ರೂಪಾಯಿಗೂ ಹೆಚ್ಚು ಬೇಕು. ಹಾಗಾಗಿ ಯಾರದೋ ಕೊಟ್ಟಿಗೆಯ ಪಕ್ಕ ನಿಂತ ಹಳೆ ಗಾಡಿಯ ಮೇಲೆ ಕಣ್ಣು ಬೀಳುತ್ತದೆ. ಬಾನೆಟ್ ಇಲ್ಲ, ಬ್ಯಾಟರಿ ಇಲ್ಲ, ಒಂದು ಲಿವರ್ ಮುರಿದಿದೆ, ಬೆಲೆ ಮಾತ್ರ ಅಗ್ಗ. ಕೊಳ್ಳಬಹುದೇ?

ಕೊಳ್ಳಬಹುದು, ಒಂದು ಷರತ್ತಿನ ಮೇಲೆ. ಇಲ್ಲದ ಭಾಗ ಹೊರಗಿನದಾಗಿರಬೇಕು. ಬೋಲ್ಟ್ ಬಿಚ್ಚಿ ಕೂಡಿಸುವಂಥ ಭಾಗ ಎಲ್ಲಾದರೂ ಸಿಗುತ್ತದೆ, ಸಿಗದಿದ್ದರೆ ಮಾಡಿಸಬಹುದು. ಗೇರ್ ಬಾಕ್ಸಿನ ಒಳಗಿನದು ಹೋಗಿದ್ದರೆ ಆ ಅಗ್ಗದ ಬೆಲೆ ನಿಮ್ಮನ್ನು ಮೋಸಗೊಳಿಸುತ್ತದೆ.

ಗೇರ್ ಗಾಡಿಯೇ ಯಾಕೆ ಎಂದು ಕೇಳುವವರಿದ್ದಾರೆ. ವಿದೇಶದ ಅನೇಕ ಸಣ್ಣ ತೋಟದ ಟ್ರ್ಯಾಕ್ಟರುಗಳಲ್ಲಿ ಶಕ್ತಿ ಬೆಲ್ಟಿನ ಮೂಲಕವೋ ಒತ್ತಡದ ಎಣ್ಣೆಯ ಮೂಲಕವೋ ಗಾಲಿಗೆ ಹೋಗುತ್ತದೆ. ನಮ್ಮಲ್ಲಿ ಬಳಕೆಯಲ್ಲಿರುವವು ಬಹುತೇಕ ಗೇರಿನವೇ. ವಿಎಸ್‌ಟಿಯವರ 18.5 ಎಚ್‌ಪಿಯ ಮಿತ್ಸುಬಿಶಿ ಶಕ್ತಿ ಎಂಟಿ 180ಡಿಗೆ ಮೂರು ಸಿಲಿಂಡರ್. ಮಹೀಂದ್ರಾ ಯುವರಾಜ್ 215 ಒಂದೇ ಸಿಲಿಂಡರಿನ 15 ಎಚ್‌ಪಿ ಗಾಡಿ. ಎಂಜಿನ್ ತಿರುಗಿದರೆ ಶಕ್ತಿ ಮೊದಲು ಕ್ಲಚ್‌ಗೆ ಬರುತ್ತದೆ. ಅಲ್ಲಿಂದ ಗೇರ್ ಬಾಕ್ಸ್, ಆಮೇಲೆ ಡಿಫರೆನ್ಷಿಯಲ್. ಇದು ತಿರುವಿನಲ್ಲಿ ಎರಡು ಗಾಲಿ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಹಲ್ಲುಚಕ್ರಗಳ ಜೋಡಣೆ. ಕೊನೆಗೆ ಗಾಲಿ. ಇನ್ನೊಂದು ಕವಲು ಪಿಟಿಒಗೆ, ಅಂದರೆ ಬ್ಲೋವರ್, ರೋಟಾವೇಟರ್ ಓಡಿಸುವ ಹಿಂಬದಿಯ ಶಾಫ್ಟಿಗೆ ಹೋಗುತ್ತದೆ. ಎಲ್ಲವೂ ಕಬ್ಬಿಣದ ಹಲ್ಲುಗಳ ಕೆಲಸ. ಎಣ್ಣೆ ಸರಿಯಿದ್ದರೆ ದಶಕಗಟ್ಟಲೆ ಬಾಳುತ್ತದೆ, ಸವೆದದ್ದನ್ನು ಕಣ್ಣಿನಿಂದಲೇ ನೋಡಬಹುದು.

ನೋಡುವ ಕ್ರಮ ಹೀಗಿರಲಿ. ಹೋದ ಕೂಡಲೇ ಎಂಜಿನ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ನೀವು ಬರುವ ಮುಂಚೆಯೇ ಚಾಲೂ ಮಾಡಿದ್ದಾರೆ. ತಣ್ಣಗಾದ ಮೇಲೆ ಮತ್ತೆ ಬರುತ್ತೇವೆ ಎನ್ನಿ, ತಣ್ಣನೆಯ ಎಂಜಿನ್ ಚಾಲೂ ಆಗುವ ರೀತಿಯೇ ನಿಜ ಹೇಳುತ್ತದೆ. ಓಡುವಾಗ ಎಣ್ಣೆ ಹಾಕುವ ಮುಚ್ಚಳ ತೆಗೆಯಿರಿ. ಗಾಳಿ ಬುಸುಬುಸು ಎಂದು ಹೊಗೆಯೊಂದಿಗೆ ಹೊರಬಂದರೆ ರಿಂಗ್, ಸಿಲಿಂಡರ್ ಸವೆದಿವೆ. ಗೇರ್ ಬಾಕ್ಸಿನ ತಳದ ಬೋಲ್ಟ್ ಸಡಿಲಿಸಿ ಸ್ವಲ್ಪ ಎಣ್ಣೆ ಅಂಗೈಗೆ ತೆಗೆದುಕೊಳ್ಳಿ. ಹಾಲಿನಂತಿದ್ದರೆ ನೀರು ಸೇರಿದೆ. ಮಿನುಗುವ ನುಣುಪು ಪುಡಿ ಅಲ್ಪಸ್ವಲ್ಪ ಇದ್ದರೆ ಸಹಜ. ಕಬ್ಬಿಣದ ಚೂರು ಸಿಕ್ಕರೆ ಹಲ್ಲು ಮುರಿದಿದೆ, ಅಲ್ಲಿಗೇ ಮಾತು ನಿಲ್ಲಿಸಿ.

ಆಮೇಲೆ ಹಿಂದಿನ ಎರಡೂ ಗಾಲಿ ಎತ್ತಿ, ಕೆಳಗೆ ಗಟ್ಟಿ ಮರದ ದಿಮ್ಮಿ ಕೊಡಿ. ಜಾಕ್ ಒಂದನ್ನೇ ನಂಬಿ ಕೆಳಗೆ ಕೈ ಹಾಕಬೇಡಿ. ಎಂಜಿನ್ ಬಂದ್ ಇಟ್ಟು, ಬ್ರೇಕ್ ಬಿಟ್ಟು, ಗೇರ್ ಹಾಕಿ, ಒಂದು ಗಾಲಿಯನ್ನು ಕೈಯಿಂದ ತಿರುಗಿಸಿ. ಇನ್ನೊಂದು ಉಲ್ಟಾ ತಿರುಗಿದರೆ ಡಿಫರೆನ್ಷಿಯಲ್ ಹಲ್ಲುಗಳು ಕೂಡಿಕೊಂಡಿವೆ. ಕಟಕಟ ಸದ್ದು ಬಂದರೆ ಅಥವಾ ಒಂದು ಕಡೆ ಬಿಗಿದುಕೊಂಡರೆ ಒಳಗೆ ಕೆಲಸ ಇದೆ. ಗಾಡಿ ಓಡುವಂತಿದ್ದರೆ ಪ್ರತಿ ಗೇರಿನಲ್ಲೂ ಏರಿನಲ್ಲಿ ಎಳೆಸಿ ನೋಡಿ. ಗೇರ್ ತಾನಾಗಿ ಜಿಗಿದು ಹೊರಬಂದರೆ ಹಲ್ಲಿನ ಅಂಚು ಸವೆದಿರಬಹುದು, ಲಿವರಿನ ಸ್ಪ್ರಿಂಗ್ ಸೋತಿರಬಹುದು. ಮೊದಲನೆಯದು ದುಬಾರಿ, ಎರಡನೆಯದು ಅಗ್ಗ. ಮಿಸ್ತ್ರಿ ತೆರೆದು ನೋಡುವವರೆಗೆ ದುಬಾರಿಯದೆಂದೇ ಹಿಡಿದು ಬೆಲೆ ಮಾಡಿ.

ಇನ್ನು ಇಲ್ಲದ ಭಾಗಗಳ ಮಾತು. ಹೆಚ್ಚಿನವರು ಹೆದರುವುದು ಇಲ್ಲಿಯೇ, ಆದರೆ ಅರ್ಧದಷ್ಟು ಹೆದರಿಕೆ ಅನವಶ್ಯಕ. ಬೇರಿಂಗ್ ಯಾವ ಕಂಪನಿಯ ಗಾಡಿಯದೇ ಆಗಲಿ, ಅದರ ಮೇಲೆ ಕೆತ್ತಿದ ಸಂಖ್ಯೆಯೇ ಅದರ ಅಳತೆ. 6205 ಎಂದಿದ್ದರೆ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿ, ಒಳರಂಧ್ರ 25 ಮಿಲಿಮೀಟರ್ ಎಂದು ಸಿಗುತ್ತದೆ. ಇದೇ ಸಂಖ್ಯೆಯದನ್ನು ಯಾವ ಬೇರಿಂಗ್ ಅಂಗಡಿಯಲ್ಲೂ ಕೇಳಬಹುದು. ಎಣ್ಣೆ ಸೋರದಂತೆ ತಡೆಯುವ ರಬ್ಬರಿನ ಆಯಿಲ್ ಸೀಲ್ ಮೇಲೆ 35-52-7 ಎಂದಿದ್ದರೆ ಒಳವ್ಯಾಸ, ಹೊರವ್ಯಾಸ, ದಪ್ಪ ಎಂದರ್ಥ. ಸೀಲ್ ಕಳೆದೇ ಹೋಗಿದ್ದರೆ ಶಾಫ್ಟ್ ಮತ್ತು ಅದು ಕೂಡುವ ಗುಳಿಯನ್ನು ಅಳೆದರೂ ಸಾಕು. ಬ್ಯಾಟರಿ, ಬೆಲ್ಟ್, ಹೋಸ್ ಪೈಪು ಕೂಡ ಅಳತೆ ನೋಡಿ ಕೊಳ್ಳುವಂಥವೇ.

ಬಾನೆಟ್, ಲಿವರ್, ಲಿಫ್ಟ್ ತೋಳು ಇವು ಆಯಾ ಮಾದರಿಯವೇ ಬೇಕು. ಚಾಸಿ ಸಂಖ್ಯೆ ಬರೆದುಕೊಂಡು ಆ ಕಂಪನಿಯ ಡೀಲರ್ ಹತ್ತಿರ ಹೋಗಿ. ಪಾರ್ಟ್ ಪುಸ್ತಕದಲ್ಲಿ ಪ್ರತಿ ಭಾಗಕ್ಕೂ ಒಂದು ನಂಬರ್ ಇರುತ್ತದೆ. ಆ ನಂಬರ್ ಕೈಯಲ್ಲಿದ್ದರೆ ಸೊಲ್ಲಾಪುರ, ವಿಜಯಪುರ, ಪುಣೆ ಎಲ್ಲಿಂದಾದರೂ ಫೋನಿನಲ್ಲೇ ವಿಚಾರಿಸಬಹುದು. ಹೊಸದು ಸಿಗದಿದ್ದರೆ ಅದೇ ಮಾದರಿಯ, ಗುಜರಿಗೆ ಹೋದ ಇನ್ನೊಂದು ಗಾಡಿ ಹುಡುಕಿ. ಎಂಜಿನ್ ಸತ್ತ ಗಾಡಿಯೊಂದು ಪೂರ್ತಿ ಸಿಕ್ಕರೆ, ಬಿಡಿಭಾಗ ಒಂದೊಂದಾಗಿ ಕೊಳ್ಳುವುದಕ್ಕಿಂತ ಅದನ್ನೇ ತರುವುದು ಲೇಸು ಎಂಬುದು ನನ್ನ ಅಭಿಪ್ರಾಯ.

ಪಿನ್, ಬುಶ್, ಸರಳ ಶಾಫ್ಟ್‌ಗಳನ್ನು ಲೇಥ್ ಅಂಗಡಿಯಲ್ಲಿ ತಿರುಗಿಸಿಕೊಡುತ್ತಾರೆ. ಸೊಲ್ಲಾಪುರ ಮಗ್ಗಗಳ ಊರು, ಯಂತ್ರದ ಭಾಗ ಮಾಡುವ ಕೈಗಳಿಗೆ ಅಲ್ಲಿ ಬರವಿಲ್ಲ. ಗೇರ್ ಮಾಡಿಸಲೇಬೇಕಾದರೆ ಹಳೆಯ ತುಂಡನ್ನು ಎಸೆಯಬೇಡಿ. ನೇರ ಹಲ್ಲಿನ ಸಾಮಾನ್ಯ ಗೇರಾದರೆ ಹೊರವ್ಯಾಸವನ್ನು ಮಿಲಿಮೀಟರಿನಲ್ಲಿ ಅಳೆದು, ಹಲ್ಲಿನ ಸಂಖ್ಯೆಗೆ ಎರಡು ಕೂಡಿಸಿ ಬಂದದ್ದರಿಂದ ಭಾಗಿಸಿ. 20 ಹಲ್ಲು, 66 ಮಿಲಿಮೀಟರ್ ಇದ್ದರೆ 66ನ್ನು 22ರಿಂದ ಭಾಗಿಸಿ 3 ಬರುತ್ತದೆ. ಹಲ್ಲಿನ ಗಾತ್ರ ಹೇಳುವ ಈ ಅಂಕಿಗೆ ಮಾಡ್ಯೂಲ್ ಎನ್ನುತ್ತಾರೆ. ಹಲ್ಲು ಕತ್ತರಿಸಿದ ಮೇಲೆ ಕೇಸ್ ಹಾರ್ಡನಿಂಗ್ ಮಾಡುತ್ತಾರೆಯೇ ಎಂದು ತಪ್ಪದೆ ಕೇಳಿ. ಅಂದರೆ ಕಾಯಿಸಿ ಮೇಲ್ಪದರ ಗಟ್ಟಿ ಮಾಡುವುದು. ಅದಿಲ್ಲದ ಮೆತ್ತನೆ ಕಬ್ಬಿಣದ ಗೇರ್ ಬೇಗ ಸವೆಯುತ್ತದೆ. ಹೊಸ ಗೇರನ್ನು ಸವೆದ ಜೊತೆಗಾರನೊಂದಿಗೆ ಕೂಡಿಸಿದರೆ ಎರಡೂ ಹಾಳು. ಜೋಡಿಯಾಗಿಯೇ ಬದಲಿಸಿ.

ಬಿಚ್ಚುವ ಮುನ್ನ ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ, ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಟ್ಟು ಹೆಸರು ಬರೆಯಿರಿ. ಕೆಲಸ ಶುರುವಾಗುವುದು ಬ್ರೇಕ್, ಸ್ಟಿಯರಿಂಗಿನಿಂದ. ಆಮೇಲೆ ಡೀಸೆಲ್ ಟ್ಯಾಂಕ್ ತೊಳೆದು ಫಿಲ್ಟರ್ ಬದಲಿಸಿ, ಪೈಪಿನ ಗಾಳಿ ತೆಗೆಯಿರಿ. ಕ್ಲಚ್, ಹೈಡ್ರಾಲಿಕ್ ಲಿಫ್ಟ್, ವೈರಿಂಗ್ ಆದ ಮೇಲೆ ಬಣ್ಣ. ಮೊದಲೇ ಬಣ್ಣ ಹೊಡೆದು ನಿಲ್ಲಿಸಿದ ಗಾಡಿಯನ್ನು ಮಾರುವವರು ತೋರಿಸಿದರೆ ಇನ್ನಷ್ಟು ಎಚ್ಚರದಿಂದ ನೋಡಿ. ಪಿಟಿಒ ಶಾಫ್ಟಿನ ಮುಚ್ಚಳ ಇಲ್ಲದಿದ್ದರೆ ಅದನ್ನು ಹಾಕಿಸುವವರೆಗೆ ಬ್ಲೋವರ್ ಜೋಡಿಸಬೇಡಿ. ಧೋತರದ ಸೆರಗು, ಟವೆಲ್ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ.

ಖರ್ಚಿನ ಲೆಕ್ಕದಲ್ಲಿ ಗಾಡಿಯ ಬೆಲೆ, ಬಿಡಿಭಾಗ, ಮಿಸ್ತ್ರಿಯ ಕೂಲಿ, ಟೈರ್, ಸಾಗಣೆ ಎಲ್ಲ ಬರೆಯಿರಿ. ಟೈರ್ ಮರೆತವರ ಲೆಕ್ಕ ಯಾವಾಗಲೂ ತಪ್ಪುತ್ತದೆ. ಒಟ್ಟು ಮೊತ್ತ ಹೊಸದರ ಅರ್ಧ ದಾಟಿದರೆ ಬಿಡುವುದೇ ಒಳ್ಳೆಯದು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ, ಟ್ರ್ಯಾಕ್ಟರ್ ಟೈರಿನ ಮೇಲಿನದು ಶೇ 18ರಿಂದ 5ಕ್ಕೆ ಇಳಿದಿದೆ. ಹೊಸದರ ದರವನ್ನು ಮತ್ತೊಮ್ಮೆ ಕೇಳಿದ ಮೇಲೆಯೇ ಹಳೆಯದಕ್ಕೆ ಬೆಲೆ ಕಟ್ಟಿ. ಮಹಾರಾಷ್ಟ್ರದ ಮಹಾಡಿಬಿಟಿ ಪೋರ್ಟಲಿನ ಸರ್ಕಾರಿ ಸಹಾಯಧನ ಹೊಸ ಯಂತ್ರಕ್ಕೆ ಮಾತ್ರ ಎಂಬುದೂ ನೆನಪಿರಲಿ.

ಕಾಗದಪತ್ರ ಇಲ್ಲದ ಗಾಡಿ ಎಷ್ಟೇ ಅಗ್ಗವಾದರೂ ಬೇಡ. ಆರ್‌ಸಿ ಪುಸ್ತಕದ ಚಾಸಿ, ಎಂಜಿನ್ ಸಂಖ್ಯೆಗಳು ಗಾಡಿಯ ಮೇಲಿನವಕ್ಕೆ ಹೊಂದಬೇಕು. ನೋಂದಣಿ 15 ವರ್ಷ ದಾಟಿದ್ದರೆ ನವೀಕರಣ ಆಗಿದೆಯೇ ನೋಡಿ. ಗಾಡಿಯ ಮೇಲೆ ಸಾಲ ಇದ್ದರೆ, ಅದು ತೀರಿದೆಯೆಂಬ ಬ್ಯಾಂಕಿನ ಪತ್ರ ಮತ್ತು ಫಾರ್ಮ್ 35 ಬೇಕು. ವರ್ಗಾವಣೆಗೆ ಫಾರ್ಮ್ 29 ಮತ್ತು 30. ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ನಮ್ಮ ಕಡೆಯವರಿಗೆ ಇನ್ನೊಂದು ತೊಡಕಿದೆ. ಭೀಮೆ ದಾಟಿ ಇಂಡಿ, ಚಡಚಣದಿಂದ ಕೆಎ 28ರ ಗಾಡಿ, ಅಥವಾ ಅಕ್ಕಲಕೋಟದ ಆಚೆ ಆಳಂದ, ಅಫಜಲಪುರದಿಂದ ಕೆಎ 32ರ ಗಾಡಿ ತಂದರೆ, ಅಲ್ಲಿನ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲವೆಂಬ ಪತ್ರ ಬೇಕು. ಅದು ಕೈಗೆ ಬಂದ ಮೇಲೆಯೇ ಸೊಲ್ಲಾಪುರದಲ್ಲಿ ಎಂಎಚ್ 13ರ ನಂಬರ್ ಸಿಗುತ್ತದೆ. ಎನ್‌ಒಸಿ ಬರುವವರೆಗೆ ಪೂರ್ತಿ ಹಣ ಕೊಡಬೇಡಿ, ಮುಂಗಡ ಕೊಟ್ಟು ಬರೆಸಿಕೊಳ್ಳಿ.