ಗೆರೆಗೆ ಕೂಲಿ ಯಾಕೆ ಸ್ವಾಮಿ?

ಬೆಳಿಗ್ಗೆ ಒಂಬತ್ತಕ್ಕೆ ಬಂದ ಆಚಾರ್ರು ಹನ್ನೊಂದಾದರೂ ಉಳಿ ಮುಟ್ಟಿಲ್ಲ. ನೆಲದ ಮೇಲೆ ಪ್ಲೈವುಡ್ ಹಲಗೆ ಹಾಸಿಕೊಂಡು, ಮೂಲೆಮಟ್ಟ ಇಟ್ಟು ಗೆರೆ ಎಳೀತಾ ಕೂತಿದ್ದಾರೆ. ಅಂಗಡಿ ಯಜಮಾನರಿಗೆ ಸಿಟ್ಟು. "ಏನ್ ಆಚಾರ್ರೇ, ಬಾಗಿಲು ಮಾಡ್ತೀರೋ, ರಂಗೋಲಿ ಬಿಡ್ತೀರೋ?"

ಈ ಮಾತು ಕೇಳದ ಬಡಗಿ ಇಲ್ಲ. ಆದರೆ ಯಜಮಾನರು ಕಾಸು ಸುರಿದು ತಂದ ತೇಗವನ್ನು ಕಾಯೋದು ಆ ರಂಗೋಲಿಯೇ!

ಸಂಗತಿ ಇಷ್ಟೆ. ಬಾಗಿಲು ಎಷ್ಟು ದೊಡ್ಡದೋ ನಕ್ಷೆಯೂ ಅಷ್ಟೇ ದೊಡ್ಡದು. ಇಡೀ ಬಾಗಿಲಿನ ಚಿತ್ರ ಬೇಕಿಲ್ಲ. ಅದನ್ನು ಅಡ್ಡಕ್ಕೆ ಕೊಯ್ದರೆ ಹೇಗೆ ಕಾಣುತ್ತೋ ಅದೊಂದು, ಮೇಲಿಂದ ಕೆಳಕ್ಕೆ ಸೀಳಿದರೆ ಹೇಗೋ ಅದೊಂದು. ಅಂಗೈಯಗಲದ ಪಟ್ಟಿಯಾದರೂ ಸಾಕು. ಇಂಗ್ಲೆಂಡಿನ ಬಡಗಿಗಳು ಇದಕ್ಕೆ 'ರಾಡ್' ಅಂತಾರೆ. ಕಬ್ಬಿಣದ್ದಲ್ಲ, ಮರದ್ದೇ.

ಇಂಜಿನಿಯರ್ ಕೊಟ್ಟ ನಕ್ಷೆ ಇದೆಯಲ್ಲ ಅನ್ನಬಹುದು. ಇದೆ. ಆದರೆ ಅದು ಐವತ್ತಕ್ಕೆ ಒಂದರ ಅಳತೆಯದು. ಅದರಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಗೆರೆ ಎಂದರೆ ಗೋಡೆಯ ಮೇಲೆ 25 ಮಿಲಿಮೀಟರ್, ಹೆಚ್ಚುಕಡಿಮೆ ಒಂದು ಇಂಚು. ಒಂದು ಇಂಚು ತಪ್ಪಿದ ಬಾಗಿಲನ್ನು ಯಾರು ಹಾಕಿಸಿಕೊಳ್ತಾರೆ?

ಎರಡು ಕದದ ಬಾಗಿಲನ್ನೇ ತೆಗೆದುಕೊಳ್ಳಿ. ಚೌಕಟ್ಟಿನ ಹೊರ ಅಗಲ 42 ಇಂಚು. ಎರಡು ಕಂಬ ಮೂರು ಮೂರು ಇಂಚು ಕಳೆದರೆ ಉಳಿದದ್ದು 36. ಕದ ಕೂರಲು ಎರಡೂ ಕಂಬದಲ್ಲಿ ಅರ್ಧರ್ಧ ಇಂಚು ತಗ್ಗು ಹೊಡೆದರೆ 37. ಆಡಲು ಎರಡೂ ಕಡೆ ಒಂದೊಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಪಾಲು, ಬಿಟ್ಟರೆ 36¾. ಸರಿ, ಇದರ ಅರ್ಧ 18⅜ ಎಂದು ಅವಸರದವನು ಗರಗಸ ಹಾಕುತ್ತಾನೆ. ಕೆಟ್ಟಿತು! ನಡುವೆ ಒಂದು ಕದ ಇನ್ನೊಂದರ ಮೇಲೆ ಅರ್ಧ ಇಂಚು ಹತ್ತಬೇಕಲ್ಲ? ಒಂದೊಂದು ಕದ 18⅝ ಇರಬೇಕಿತ್ತು. ಕಾಲು ಇಂಚು ಕತ್ತರಿಸಿದ ಮರ ಮತ್ತೆ ಬೆಳೆಯೋದಿಲ್ಲ.

ಬಾಯಿಲೆಕ್ಕದಲ್ಲಿ ಮರೆತುಹೋಗುವ ಈ ಅರ್ಧ ಇಂಚು ಹಲಗೆಯ ಮೇಲೆ ಕಣ್ಣಿಗೆ ಹೊಡೆಯುತ್ತೆ. ಗೆರೆ ಮುಗಿದ ಮೇಲೆ ಟೇಪಿಗೆ ಕೆಲಸವಿಲ್ಲ. ಮರವನ್ನು ಹಲಗೆಯ ಮೇಲೇ ಮಲಗಿಸಿ ಗುರುತು ಎತ್ತಿಕೊಂಡರಾಯಿತು. ಹತ್ತು ಕಿಟಕಿ ಇದ್ದರೆ ಹತ್ತಕ್ಕೂ ಒಂದೇ ಗುರುತು. ಒಬ್ಬ ಅಡಿಯಲ್ಲಿ, ಇನ್ನೊಬ್ಬ ಮಿಲಿಮೀಟರಿನಲ್ಲಿ ಕೂಗಿ ಕೆಡುವ ಭಯವಿಲ್ಲ.

ಹೊಸ ವಿದ್ಯೆಯೇನಲ್ಲ. ಮಧ್ಯಪ್ರದೇಶದ ಭೋಜಪುರದಲ್ಲಿ 11ನೇ ಶತಮಾನದ ಅಪೂರ್ಣ ಶಿವಾಲಯವಿದೆ. ಅದರ ಸುತ್ತಲ ಬಂಡೆಗಳ ಮೇಲೆ ಶಿಲ್ಪಿಗಳು ಕೊರೆದ ನಕ್ಷೆಗಳನ್ನು ಇಂದಿಗೂ ಕಾಣಬಹುದು.

ಎಡವಟ್ಟು ಇರೋದು ಲೆಕ್ಕದಲ್ಲಿ. ಗುತ್ತಿಗೆ ಚದರಡಿಯ ಮೇಲೆ, ಗೆರೆಗೆ ಕಾಸಿಲ್ಲ. ಅರ್ಧ ದಿನ ಕೈಯಿಂದ ಹೋಗುತ್ತೆಂದು ಆಚಾರ್ರೂ ಹಲಗೆ ಬಿಟ್ಟು ಅಂದಾಜಿಗೆ ಇಳೀತಾರೆ. ಮರ ಕೆಟ್ಟರೆ ನಷ್ಟ ತರಿಸಿದವರ ತಲೆಗೆ, ಬೈಗುಳ ಆಚಾರ್ರ ತಲೆಗೆ. ಕೂಲಿ ಮಾತಾಡುವಾಗಲೇ ನಕ್ಷೆಯ ಅರ್ಧ ದಿನವನ್ನೂ ಸೇರಿಸಿಬಿಟ್ಟರೆ ಇಬ್ಬರಿಗೂ ಅಗ್ಗ.

ಗಾರೆ ಮುಗಿದ ಮೇಲೇ ಅಳತೆ ಹಿಡಿಸಿ, ಮೇಲೆ, ನಡುವೆ, ಕೆಳಗೆ ಮೂರು ಕಡೆ. ಗೋಡೆ ನೆಟ್ಟಗಿದೆ ಎಂಬ ಮೇಸ್ತ್ರಿ ಮಾತನ್ನು ನಂಬಬೇಡಿ. ಮೂರರಲ್ಲಿ ಚಿಕ್ಕದು ಯಾವುದೋ ಅದೇ ಹಲಗೆಗೆ ಹೋಗಲಿ. ಕೆಲಸ ಮುಗಿದ ಮೇಲೆ ಆ ಹಲಗೆಯನ್ನು ಅಟ್ಟಕ್ಕೆ ಹಾಕಿಸಿ. ನಾಳೆ ಗೆದ್ದಲು ತಿಂದ ಒಂದು ಕದ ಬದಲಿಸಬೇಕಾದರೆ ಬಾಗಿಲು ಬಿಚ್ಚುವ ಮೊದಲೇ ಅಳತೆ ಸಿಗುತ್ತೆ.